ನೆರೆಮನೆಯ ಬೋರ್‌ವೆಲ್ಲಿನಲ್ಲಿ ನಮ್ಮ ಪಾಲು

(ಜಯನಗರದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರಿಗೂ ಹಿರಿಯ ನಾಗರಿಕರಿಗೂ ಏರ್ಪಡಿಸಿದ್ದ ಹಣಕಾಸು ಅರಿವು ಕಾರ್ಯಕ್ರಮದಲ್ಲಿ ಸಂಸ್ಥೆಯ ಸಿಸ್ಟರ್ ಒಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಇವತ್ತಿನ ವಿಷಯ ಏನು ಅಂತ ಸಂಯೋಜಕಿಯವರು ಓದಿ ಹೇಳಿದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿದ್ದು ನನಗೆ ಕಾಣಿಸಿತು. ಎಣ್ಣೆ, ಗ್ಯಾಸ್ ಹುಡುಕುವ ಸಣ್ಣ ಕಂಪನಿಗಳ ಷೇರಿಗೂ ಸಿಸ್ಟರ್‌ಗೂ ಏನಪ್ಪಾ ಸಂಬಂಧ ಅಂತ ತಾನೆ? ನಗುವುದರಲ್ಲಿ ತಪ್ಪಿಲ್ಲ. ನನ್ನ ಹೆಸರಿನಲ್ಲಿ ಒಂದು ಷೇರೂ ಇಲ್ಲ, ಡಿಮ್ಯಾಟ್ ಖಾತೆಯೂ ಇಲ್ಲ. ಆದರೆ ಸಮಾಜಕಾರ್ಯ ಓದಿಕೊಂಡು ಬಂದ ಮೇಲೆ ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮ ಸಂಘಗಳ ಲೆಕ್ಕದ ಪುಸ್ತಕ ನೋಡಿದ್ದೇನೆ. ಪುಸ್ತಕದಲ್ಲಿ ಒಂದು ಕಂತು ತಪ್ಪಿದೆ ಅಂದರೆ ಅದರ ಹಿಂದೆ ಒಂದು ಮನೆಯ ಕಥೆ ಇರುತ್ತದೆ. ಮೊದಲೆಲ್ಲ ಅದು ಕುಡಿತದ ಕಥೆ, ಆಸ್ಪತ್ರೆಯ ಕಥೆ, ಮಗಳ ಮದುವೆಯ ಕಥೆ. ಈಚಿನ ವರ್ಷಗಳಲ್ಲಿ ಷೇರಿನ ಕಥೆಯೂ ಸೇರಿಕೊಂಡಿದೆ.

ಅಂಥ ಒಂದು ಕಥೆಯಿಂದಲೇ ಶುರುಮಾಡುತ್ತೇನೆ. ಹೇಳಲು ಆ ತಾಯಿಯ ಒಪ್ಪಿಗೆ ಕೇಳಿದ್ದೇನೆ, ಹೆಸರು ಹೇಳುವುದಿಲ್ಲ. ಬಿ.ಟಿ.ಎಂ. ಲೇಔಟ್ ಕಡೆಯವರು, ಮನೆಯಲ್ಲೇ ಹೊಲಿಗೆ. ಓವರ್‌ಲಾಕ್ ಯಂತ್ರ ಕೊಳ್ಳಲು ಸಂಘದಿಂದ 60 ಸಾವಿರ ರೂಪಾಯಿ ಸಾಲ ತೆಗೆದರು. ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿ. ಅದು 2025ರ ಜೂನ್ ತಿಂಗಳು. ಆ 13ನೇ ತಾರೀಕು ಶುಕ್ರವಾರ ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿತು. ಟಿ.ವಿ.ಯಲ್ಲಿ ಬೆಳಗಿನಿಂದ ಸಂಜೆವರೆಗೆ ಹಾರ್ಮುಜ್ ಜಲಸಂಧಿಯ ನಕಾಶೆ. ಆ ತಾಯಿಯ ಮಗ ಕೆಲಸಕ್ಕೆ ಹೋಗುವ ಹುಡುಗ, ಕೆಟ್ಟ ಚಟ ಯಾವುದೂ ಇಲ್ಲ. ಅವನು ಹೇಳಿದನಂತೆ: "ಅಮ್ಮಾ, ಯುದ್ಧ ಆದ್ರೆ ಎಣ್ಣೆ ರೇಟು ಏರುತ್ತೆ. ಎಣ್ಣೆ ರೇಟು ಏರಿದ್ರೆ ಎಣ್ಣೆ ಹುಡುಕೋ ಕಂಪನಿಗೆ ಲಾಭ. ದೊಡ್ಡ ಕಂಪನಿ ಷೇರು ನೂರಕ್ಕೆ ಐದು ಏರಿದ್ರೆ ಚಿಕ್ಕದು ಐವತ್ತು ಏರುತ್ತೆ. ಯಂತ್ರ ಮುಂದಿನ ತಿಂಗಳು ತಗೊಂಡ್ರಾಯ್ತು, ಎರಡು ತಗೋಬಹುದು."

ಸೋಮವಾರ ಬೆಳಿಗ್ಗೆ 40 ರೂಪಾಯಿಯಂತೆ 1,500 ಷೇರು ಕೊಂಡ. ಮೂರು ದಿನ ದಿನಕ್ಕೆ ನೂರಕ್ಕೆ ಐದರಂತೆ ಏರಿ 46 ದಾಟಿತು. ಮೊಬೈಲಿನಲ್ಲಿ ಒಂಬತ್ತು ಸಾವಿರ ಲಾಭ ಕಾಣಿಸಿತು. "ಮಾರಿಬಿಡೋ" ಅಂತ ತಾಯಿ ಹೇಳಿದ್ದಾರೆ, "ಈಗಲೇ ಮಾರೋರು ಮೂರ್ಖರು ಅಂತ ಗ್ರೂಪಿನಲ್ಲಿ ಹಾಕಿದ್ದಾರೆ" ಅಂದನಂತೆ ಇವನು. 24ನೇ ತಾರೀಕು ಕದನವಿರಾಮ ಆಯಿತು. ಅವತ್ತಿನಿಂದ ಪ್ರತಿದಿನ ಬೆಳಿಗ್ಗೆ ಪೇಟೆ ತೆರೆಯುವುದೇ ತಡ, ಷೇರು ನೂರಕ್ಕೆ ಐದು ಕೆಳಗೆ ಬಿದ್ದು ಅಲ್ಲೇ ನಿಲ್ಲುತ್ತಿತ್ತು. ಮಾರಲು ಸಾವಿರಾರು ಜನ, ಕೊಳ್ಳಲು ಒಬ್ಬನೂ ಇಲ್ಲ. ಹತ್ತು ದಿನ ಹೀಗೇ. ಕೊನೆಗೆ ಸಾವಿರ ಷೇರು 27 ರೂಪಾಯಿಗೆ ಹೋಯಿತು. ಉಳಿದ ಐನೂರು ಇನ್ನೂ ಅವನ ಖಾತೆಯಲ್ಲೇ ಇದೆ.

ಆ ತಾಯಿ ನನ್ನ ಹತ್ತಿರ ಬಂದಾಗ ಅಳಲಿಲ್ಲ. "ಸಿಸ್ಟರ್, ಅವನು ಹೇಳಿದ್ದರಲ್ಲಿ ತಪ್ಪು ಯಾವುದು ಅಂತ ನನಗೆ ಈಗಲೂ ಗೊತ್ತಾಗ್ತಿಲ್ಲ" ಅಂದರು. ಈ ಉಪನ್ಯಾಸಕ್ಕೆ ಕಾರಣ ಆ ಒಂದು ಮಾತು. ಯಾಕೆಂದರೆ ಹುಡುಗನ ಮಾತು ಕೇಳಲು ಸರಿಯಾಗಿಯೇ ಇದೆ. ಸಿಲಿಂಡರ್ ಬೆಲೆ ಏರಿದಾಗ, ಪೆಟ್ರೋಲ್ ಏರಿದಾಗ ಕೈಯಿಂದ ಹೋಗುವ ದುಡ್ಡನ್ನು ಅದೇ ಗ್ಯಾಸ್, ಅದೇ ಎಣ್ಣೆಯ ಕಂಪನಿಯಿಂದ ವಾಪಸು ಪಡೆಯೋಣ ಅನ್ನುವುದು ದುರಾಸೆಯಲ್ಲ, ಲೆಕ್ಕ. ಆದರೆ ಆ ಲೆಕ್ಕದಲ್ಲಿ ಮೂರು ಕೊಂಡಿಗಳಿವೆ. ಒಂದೊಂದನ್ನೂ ಎಳೆದು ನೋಡಬೇಕು.

ಮೊದಲನೆಯದು, ಯುದ್ಧ ಆದರೆ ಎಣ್ಣೆ ಬೆಲೆ ಏರುತ್ತದೆ. ಏರುತ್ತದೆ, ಸುಳ್ಳಲ್ಲ. ಹಾರ್ಮುಜ್ ಅಂದರೆ ಇರಾನಿಗೂ ಒಮಾನಿಗೂ ನಡುವಿನ ಸಮುದ್ರದ ಕಿರಿದಾದ ದಾರಿ. 2024ರಲ್ಲಿ ಲೋಕದ ಜನ ಬಳಸಿದ ಎಣ್ಣೆಯಲ್ಲಿ ಐದರಲ್ಲಿ ಒಂದು ಪಾಲು ಆ ದಾರಿಯಲ್ಲೇ ಬಂತು. ನಮ್ಮ ದೇಶ ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುತ್ತದೆ. ಅಲ್ಲಿ ಗುಂಡು ಸಿಡಿದರೆ ಇಲ್ಲಿ ಎದೆ ಹೊಡೆದುಕೊಳ್ಳುವುದು ಸಹಜ. ಆದರೆ ಏರಿದ ಬೆಲೆ ಎಷ್ಟು ದಿನ ನಿಲ್ಲುತ್ತದೆ? 2019ರ ಸೆಪ್ಟೆಂಬರಿನಲ್ಲಿ ಸೌದಿ ಅರೇಬಿಯಾದ ಅಬ್‌ಕೈಕ್ ಎಂಬಲ್ಲಿನ ದೊಡ್ಡ ತೈಲ ಘಟಕದ ಮೇಲೆ ದಾಳಿ ಆಯಿತು. ಪೇಟೆ ತೆರೆದ ದಿನ ಬೆಲೆ ಹೆಚ್ಚುಕಡಿಮೆ ನೂರಕ್ಕೆ 15 ಏರಿತು. ತಿಂಗಳು ಮುಗಿಯುವ ಹೊತ್ತಿಗೆ ಹಳೆಯ ಜಾಗಕ್ಕೇ ಬಂದಿತ್ತು. 2025ರ ಜೂನಿನಲ್ಲೂ ಅಷ್ಟೆ. ದಾಳಿಯ ಹಿಂದಿನ ದಿನ ಬ್ಯಾರೆಲಿಗೆ 69 ಡಾಲರ್ ಹತ್ತಿರ ಇದ್ದದ್ದು 79ರ ಹತ್ತಿರ ಹೋಗಿ, ಕದನವಿರಾಮದ ದಿನ 67ಕ್ಕೆ ಇಳಿಯಿತು. ಹನ್ನೆರಡು ದಿನದ ಆಟ.

2022ರಲ್ಲಿ ಹಾಗಾಗಲಿಲ್ಲ. ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕೆ ಹೋದ ಮೇಲೆ ಮಾರ್ಚಿನಲ್ಲಿ 139 ಡಾಲರ್ ಮುಟ್ಟಿ, ತಿಂಗಳುಗಟ್ಟಲೆ ಮೇಲೇ ಇತ್ತು. 2008ರ ಜುಲೈನಲ್ಲಿ 147 ಡಾಲರ್ ಆದದ್ದು ಅದೇ ಡಿಸೆಂಬರಿನಲ್ಲಿ 40ಕ್ಕಿಂತ ಕೆಳಗೆ. ಇನ್ನು 2020ರ ಏಪ್ರಿಲ್ 20ನೇ ತಾರೀಕಂತೂ, ಕೊರೊನಾ ಲಾಕ್‌ಡೌನಿನಲ್ಲಿ ಎಣ್ಣೆ ಇಡಲು ಜಾಗವಿಲ್ಲದೆ ಅಮೆರಿಕದ ಒಂದು ವಾಯಿದೆಯ ಬೆಲೆ ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರಿಗೆ ಹೋಯಿತು. ಅದಕ್ಕೆ ಹೊಂದಿಕೊಂಡು ಮುಂಬಯಿಯ ಎಂ.ಸಿ.ಎಕ್ಸ್. ಪೇಟೆ ಬ್ಯಾರೆಲಿಗೆ ಮೈನಸ್ 2,884 ರೂಪಾಯಿಯಂತೆ ಲೆಕ್ಕ ಮುಗಿಸಿತು. ಅಂದರೆ ಕೊಂಡವನು ಹಾಕಿದ ದುಡ್ಡೂ ಹೋಗಿ, ಮೇಲೆ ಕೈಯಿಂದ ಕಟ್ಟಬೇಕು. ವಿಷಯ ಬಾಂಬೆ ಹೈಕೋರ್ಟಿನವರೆಗೆ ಹೋಯಿತು. ಈ ನಾಲ್ಕೈದು ವರ್ಷಗಳನ್ನು ನೆನಪಿಟ್ಟುಕೊಂಡು ಹೇಳಿ, ಮುಂದಿನ ಗಲಾಟೆ ಹನ್ನೆರಡು ದಿನದ್ದೋ ಹನ್ನೆರಡು ತಿಂಗಳದ್ದೋ? ದೊಡ್ಡ ದೊಡ್ಡ ಬ್ಯಾಂಕುಗಳಲ್ಲಿ ಇದೇ ಕೆಲಸಕ್ಕೆ ಕೂತಿರುವವರಿಗೇ ಮೊದಲೇ ಗೊತ್ತಾಗುವುದಿಲ್ಲ.

ಎರಡನೇ ಕೊಂಡಿಗೆ ಬರೋಣ. ಎಣ್ಣೆ ಬೆಲೆ ಏರಿದರೆ ಎಣ್ಣೆ ಹುಡುಕುವ ಕಂಪನಿಗೆ ಲಾಭ. ಇಲ್ಲಿ "ಹುಡುಕುವ" ಅನ್ನುವ ಪದದ ಮೇಲೆ ಯಾರೂ ನಿಲ್ಲುವುದಿಲ್ಲ. ನಾನು ನಿಲ್ಲುತ್ತೇನೆ.

ಬನಶಂಕರಿ, ಜೆ.ಪಿ. ನಗರ ಕಡೆ ಇರುವವರೇ, ನಿಮಗೆ ಬೋರ್‌ವೆಲ್ ಗೊತ್ತು. ಮೊದಲು ನೀರು ನೋಡುವವರು ಬರುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ, ಇಲ್ಲವೇ ಕೈಯಲ್ಲಿ ಬೇವಿನ ಕವೆ. "ಇಲ್ಲಿ ಎರಡು ಕವಲು ಕೂಡುತ್ತೆ, ಮುನ್ನೂರು ಅಡಿಗೆ ಗ್ಯಾರಂಟಿ" ಅನ್ನುತ್ತಾರೆ. ಆಮೇಲೆ ತಮಿಳುನಾಡಿನ ರಿಗ್ ಲಾರಿ ಬರುತ್ತದೆ, ರಾತ್ರಿಯೆಲ್ಲ ಸದ್ದು, ಬೀದಿಗೆಲ್ಲ ಕಲ್ಲಿನ ಪುಡಿ. ಅಡಿಗಿಷ್ಟು ಅಂತ ರೇಟು. ಮುನ್ನೂರು ಆಯಿತು, ಐನೂರು ಆಯಿತು, ಬರೀ ದೂಳು. ಆಗ ರಿಗ್ಗಿನವನು ಒಂದು ಮಾತು ಹೇಳುತ್ತಾನಲ್ಲ, ನೆನಪಿದೆಯಾ? "ಸಾರ್, ಇನ್ನೊಂದು ನೂರಡಿ ನೋಡೋಣ." ಅಷ್ಟು ಹಾಕಿಯಾಗಿದೆ, ಬಿಡಲು ಮನಸ್ಸು ಬರುವುದಿಲ್ಲ. ಒಂಬೈನೂರು ಅಡಿಗೆ ನೀರು ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಅದು ಎಷ್ಟು ವರ್ಷ ಬರುತ್ತದೆ? 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಮುಖ್ಯಮಂತ್ರಿಗಳೇ ಹೇಳಿದರು. ಅವೆಲ್ಲ ಒಂದು ಕಾಲಕ್ಕೆ ನೀರು ಕೊಟ್ಟ ಬಾವಿಗಳು.

ಎಣ್ಣೆ ಹುಡುಕುವ ಸಣ್ಣ ಕಂಪನಿಯ ಷೇರು ಅಂದರೆ ನೆರೆಮನೆಯವರ ಬೋರ್‌ವೆಲ್ಲಿನಲ್ಲಿ ನಾವು ಪಾಲು ಕೊಂಡ ಹಾಗೆ. ವ್ಯತ್ಯಾಸ ಏನೆಂದರೆ ಅವರ ಬಾವಿ ಅಸ್ಸಾಮಿನಲ್ಲೋ, ಗುಜರಾತಿನಲ್ಲೋ, ಸಮುದ್ರದ ತಳದಲ್ಲೋ ಇರುತ್ತದೆ. ನಾವು ಕಾಂಪೌಂಡ್ ಗೋಡೆಯಿಂದ ಇಣುಕಿ ನೋಡುವ ಹಾಗಿಲ್ಲ. ಅವರೂ ಅಂದಾಜಿನ ಮೇಲೇ ಕೊರೆಯುತ್ತಾರೆ. ಭೂಮಿಗೆ ಶಬ್ದದ ಅಲೆ ಕಳಿಸಿ, ಅದು ಬಂಡೆಗೆ ಬಡಿದು ಹಿಂದಿರುಗುವುದನ್ನು ಅಳೆದು ನಕ್ಷೆ ಮಾಡುತ್ತಾರೆ. ತೆಂಗಿನಕಾಯಿಗಿಂತ ಎಷ್ಟೋ ಮೇಲು, ಅದು ವಿಜ್ಞಾನ. ಆದರೂ ಹೊಸ ಜಾಗದಲ್ಲಿ ಕೊರೆದ ಬಾವಿಗಳಲ್ಲಿ ಹೆಚ್ಚಿನವು ಒಣಬಾವಿಗಳೇ. ಆಳ ಸಮುದ್ರದಲ್ಲಿ ಒಂದು ಬಾವಿಗೆ ನೂರಾರು ಕೋಟಿ ಬೇಕು. ದೊಡ್ಡ ಕಂಪನಿಗೆ ಹತ್ತು ಒಣಬಾವಿಯ ಖರ್ಚನ್ನು ಹನ್ನೊಂದನೆಯದು ತುಂಬಿಕೊಡುತ್ತದೆ. ಸಣ್ಣ ಕಂಪನಿಗೆ ಇರುವುದೇ ಒಂದೋ ಎರಡೋ. ದುಡ್ಡು ಮುಗಿದರೆ ಸಾಲ ಮಾಡುತ್ತಾರೆ, ಇಲ್ಲವಾದರೆ ಹೊಸ ಷೇರು ಮಾಡಿ ಮಾರುತ್ತಾರೆ. ಹೋಳಿಗೆ ಅಷ್ಟೇ ಇರುತ್ತದೆ, ತುಂಡು ಜಾಸ್ತಿ ಆಗುತ್ತದೆ. ನಮ್ಮ ಕೈಲಿರುವ ತುಂಡು ಸಣ್ಣದಾಗುತ್ತದೆ.

ನಿಜವಾದ ಕಂಪನಿಗಳ ಹೆಸರನ್ನೇ ಹೇಳಿ ಅಂತ ಮೊನ್ನೆ ಸಮಿತಿಯವರು ಕೇಳಿದರು. ಹೇಳುತ್ತೇನೆ. ಇವೆಲ್ಲ ಬಹಿರಂಗವಾಗಿರುವ ಸಂಗತಿಗಳು. ಕೊಳ್ಳಿ ಅಂತಲೂ ಅಲ್ಲ, ಬೇಡ ಅಂತಲೂ ಅಲ್ಲ.

ಹಿಂದೂಸ್ತಾನ್ ಆಯಿಲ್ ಎಕ್ಸ್‌ಪ್ಲೊರೇಶನ್ ಕಂಪನಿ, ಹೋಯೆಕ್ ಅನ್ನುತ್ತಾರೆ. 1983ರಲ್ಲಿ ಶುರುವಾದದ್ದು, ನಮ್ಮ ದೇಶದಲ್ಲಿ ಎಣ್ಣೆ ಹುಡುಕಲು ಇಳಿದ ಮೊದಲ ಖಾಸಗಿ ಕಂಪನಿ. ಮನೆ ಸಾಲಕ್ಕೆ ಹೆಸರಾದ ಎಚ್.ಡಿ.ಎಫ್.ಸಿ. ಕಟ್ಟಿದ ಎಚ್.ಟಿ. ಪಾರೇಖ್ ಅವರೇ ಇದನ್ನೂ ಕಟ್ಟಿದ್ದು. ಒಳ್ಳೆಯ ಕೈಗಳು ಹುಟ್ಟುಹಾಕಿದ ಕಂಪನಿ ಅಂತ ಇದನ್ನೇ ಮೊದಲು ಹೇಳಿದೆ. ತಮಿಳುನಾಡಿನ ತೀರದಾಚೆ, ಕಾವೇರಿ ಬೇಸಿನ್ ಅನ್ನುವ ಪ್ರದೇಶದಲ್ಲಿ ಪಿ.ವೈ.-1 ಎಂಬ ಅನಿಲ ಕ್ಷೇತ್ರ ಅವರದ್ದು. ಅಲ್ಲಿ ಅನಿಲ ಇದ್ದದ್ದು ಎಲ್ಲಿ ಗೊತ್ತೇ? ಬಿರುಕು ಬಿಟ್ಟ ಗ್ರಾನೈಟ್ ಬಂಡೆಯೊಳಗೆ. ನಮ್ಮ ಬೆಂಗಳೂರಿನ ಬೋರ್‌ವೆಲ್ಲಿನಲ್ಲಿ ನೀರು ಇರುವ ಹಾಗೆಯೇ! 2009ರಲ್ಲಿ ಅನಿಲ ಬರಲು ಶುರುವಾಯಿತು. ಕೆಲವೇ ವರ್ಷಗಳಲ್ಲಿ ಎಣಿಸಿದ್ದಕ್ಕಿಂತ ಬಹಳ ಕೆಳಗೆ ಇಳಿಯಿತು. ಒಳಗೆ ಇಷ್ಟಿದೆ ಅಂತ ಹೇಳಿದ್ದ ಅಂದಾಜನ್ನೂ ಕಂಪನಿ ಕಡಿಮೆ ಮಾಡಬೇಕಾಯಿತು, ಷೇರು ನೆಲಕಚ್ಚಿತು. ಮೋಸ ಏನೂ ಇಲ್ಲ ಅದರಲ್ಲಿ. ಬಂಡೆಯ ಒಳಗಿನ ಬಿರುಕು ಎಷ್ಟು ದೂರ ಹೋಗಿದೆ ಅಂತ ಮೇಲೆ ನಿಂತವರಿಗೆ ಕಾಣುವುದಿಲ್ಲ, ಅಷ್ಟೆ. ಆಮೇಲೆ 2017ರಲ್ಲಿ ಅಸ್ಸಾಮಿನ ದಿರೋಕ್ ಎಂಬಲ್ಲಿ ಅದೇ ಕಂಪನಿಗೆ ಅನಿಲ ಬರತೊಡಗಿ ಚೇತರಿಸಿಕೊಂಡಿತು. ಅಷ್ಟು ವರ್ಷ ಕಾಯುವುದು ಯಾರಿಗೆ ಸಾಧ್ಯ? ಮಗಳ ಕಾಲೇಜು ಫೀಸಿನ ದುಡ್ಡು ಹಾಕಿದವರಿಗೆ ಸಾಧ್ಯವಿಲ್ಲ.

ಇನ್ನೊಂದು, ಕೆನಡಾದ ಕ್ಯಾಲ್ಗರಿಯ ನೈಕೋ ರಿಸೋರ್ಸಸ್. ಆಂಧ್ರದ ಕೃಷ್ಣಾ ಗೋದಾವರಿ ಸಮುದ್ರದಲ್ಲಿ ರಿಲಯನ್ಸ್ ಕಂಡುಹಿಡಿದ ಕೆ.ಜಿ. ಡಿ-6 ಅನಿಲ ಕ್ಷೇತ್ರದಲ್ಲಿ ಇವರಿಗೆ ನೂರಕ್ಕೆ 10 ಪಾಲಿತ್ತು. 2009ರ ಏಪ್ರಿಲಿನಲ್ಲಿ ಅನಿಲ ಹರಿಯಿತು. ನೈಕೋ ಷೇರು 100 ಕೆನಡಾ ಡಾಲರ್ ದಾಟಿತು. ದಿನಕ್ಕೆ 8 ಕೋಟಿ ಘನ ಮೀಟರ್ ಬರುತ್ತದೆ ಅಂತ ಎಣಿಸಿದ್ದು, 6 ಕೋಟಿಯ ಆಸುಪಾಸು ಮುಟ್ಟಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಯಿತು. ನೈಕೋ ಷೇರು ಕೊನೆಗೆ ಪುಡಿಗಾಸಿಗೆ ಬಂತು. ಅದೇ ಸಮುದ್ರದಲ್ಲಿ ಹೊಸ ಬಾವಿಗಳಿಗೆ ತನ್ನ ಪಾಲಿನ ದುಡ್ಡು ಕಟ್ಟಲಾಗದೆ 2018ರಲ್ಲಿ ಕೈಚೆಲ್ಲಿತು. 2020ರ ಡಿಸೆಂಬರಿನಿಂದ ಆ ಹೊಸ ಬಾವಿಗಳಿಂದ ಅನಿಲ ಬಂತು, ಚೆನ್ನಾಗಿಯೇ ಬಂತು. ರಿಲಯನ್ಸ್ ಇತ್ತು, ಬ್ರಿಟಿಷ್ ಪೆಟ್ರೋಲಿಯಂ ಇತ್ತು. ನೈಕೋ ಇರಲಿಲ್ಲ. ಅನಿಲ ಸಿಗುತ್ತದೆ ಅನ್ನುವ ನಂಬಿಕೆ ಸರಿಯಾಗಿತ್ತು ನೋಡಿ, ಆದರೂ ನಂಬಿದವನಿಗೆ ಸಿಗಲಿಲ್ಲ.

ಬರೀ ನಷ್ಟದ ಕಥೆ ಹೇಳಿದರೆ ಅದು ನ್ಯಾಯವಲ್ಲ. ರಾಜಸ್ಥಾನದ ಬಾರ್ಮೇರ್‌ನಲ್ಲಿ ಶೆಲ್ ಎಂಬ ದೈತ್ಯ ಕಂಪನಿ ತನ್ನ ಪಾಲನ್ನು 2002ರಲ್ಲಿ ಮಾರಿ ಹೊರಟುಹೋಯಿತು. ಕೊಂಡದ್ದು ಸ್ಕಾಟ್ಲೆಂಡಿನ ಕೇರ್ನ್. 2004ರ ಜನವರಿಯಲ್ಲಿ ಅವರಿಗೆ ಮಂಗಳಾ ಎಂಬ ದೊಡ್ಡ ತೈಲಕ್ಷೇತ್ರ ಸಿಕ್ಕಿತು. ಸಣ್ಣವರು ಗೆದ್ದ ಕಥೆ ಇದು, ಟೆಲಿಗ್ರಾಮ್ ಗುಂಪುಗಳಲ್ಲಿ ಹೇಳುವುದೂ ಇಂಥ ಕಥೆಯನ್ನೇ. ಆದರೆ ಅವರು ಹೇಳದೆ ಬಿಡುವ ಭಾಗ ಬೇರೆ ಇದೆ. ಕೇರ್ನ್ ಇಂಡಿಯಾ ಷೇರು ನಮ್ಮ ಜನಕ್ಕೆ ಸಿಕ್ಕಿದ್ದು ಎಣ್ಣೆ ಸಿಕ್ಕ ಮೇಲೆ, 160 ರೂಪಾಯಿಗೆ. 2007ರ ಜನವರಿಯಲ್ಲಿ ಪೇಟೆಗೆ ಬಂದ ಮೊದಲ ದಿನವೇ ಅದಕ್ಕಿಂತ ಕೆಳಗಿತ್ತು. ಎಣ್ಣೆ ನಿಜವಾಗಿ ಹರಿದದ್ದು 2009ರ ಆಗಸ್ಟಿನಲ್ಲಿ. ಎಣ್ಣೆ ಇದೆ ಅಂತ ಖಾತ್ರಿಯಾದ ಮೇಲೂ ಐದೂವರೆ ವರ್ಷ!

ಇನ್ನು ಎಣ್ಣೆ ಬಂದು, ಬೆಲೆಯೂ ಏರಿ, ಎಲ್ಲ ಕೂಡಿಬಂತು ಅನ್ನಿ. ಆಗ ಸರ್ಕಾರ ಸುಮ್ಮನಿರುತ್ತದೆಯೇ? 2022ರ ಜುಲೈ 1ರಂದು ದೇಶದೊಳಗೆ ತೆಗೆದ ಕಚ್ಚಾ ತೈಲದ ಮೇಲೆ ಟನ್ನಿಗೆ 23,250 ರೂಪಾಯಿ ವಿಶೇಷ ತೆರಿಗೆ ಹಾಕಿದರು. ಓ.ಎನ್.ಜಿ.ಸಿ. ಷೇರು ಅದೊಂದೇ ದಿನ ನೂರಕ್ಕೆ 13 ಬಿತ್ತು. ವರ್ಷಕ್ಕೆ 20 ಲಕ್ಷ ಬ್ಯಾರೆಲಿಗಿಂತ ಕಡಿಮೆ ತೆಗೆಯುವ ಸಣ್ಣವರಿಗೆ ವಿನಾಯಿತಿ ಇತ್ತು, ಅದನ್ನೂ ಹೇಳಬೇಕು. 2024ರ ಡಿಸೆಂಬರಿನಲ್ಲಿ ಆ ತೆರಿಗೆಯನ್ನು ತೆಗೆದುಹಾಕಿದರು. ಅನಿಲದ ಬೆಲೆಯಲ್ಲೂ ಸರ್ಕಾರದ ಕೈ ಇದೆ: ಓ.ಎನ್.ಜಿ.ಸಿ., ಆಯಿಲ್ ಇಂಡಿಯಾದ ಹಳೆಯ ಕ್ಷೇತ್ರಗಳ ಅನಿಲಕ್ಕೆ 2023ರ ಏಪ್ರಿಲಿನಲ್ಲಿ, ಮೊದಲ ಎರಡು ವರ್ಷಕ್ಕೆ ಅಂತ, 6.5 ಡಾಲರಿನ ಮಿತಿ ಹಾಕಿದರು. ಅಡುಗೆ ಮಾಡುವ ನಮಗೆ ಅದು ಒಳ್ಳೆಯದೇ. ನಾನಂತೂ ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಲೋಕದಲ್ಲಿ ಬೆಲೆ ಏರಿದ್ದೆಲ್ಲ ನೇರವಾಗಿ ಷೇರುದಾರನ ಜೇಬಿಗೆ ಹರಿಯುವುದಿಲ್ಲ, ಮಧ್ಯೆ ಗೇಟುಗಳಿವೆ.

ಮೂರನೇ ಕೊಂಡಿ, ದೊಡ್ಡದು ಐದು ಏರಿದರೆ ಚಿಕ್ಕದು ಐವತ್ತು. ಇದರಲ್ಲಿ ಅರ್ಧ ಮಾತ್ರ ಹೇಳಿದ್ದಾರೆ. ಚಿಕ್ಕ ಕಂಪನಿಯ ಷೇರು ಪೇಟೆಯಲ್ಲಿ ಓಡಾಡುವುದೇ ಸ್ವಲ್ಪ. ನಾಲ್ಕು ಜನ ಒಟ್ಟಾಗಿ ಕೊಂಡರೂ ಏರುತ್ತದೆ, ನಾಲ್ಕು ಜನ ಮಾರಿದರೂ ಬೀಳುತ್ತದೆ. ಒಂದು ದಿನದಲ್ಲಿ ಇಷ್ಟಕ್ಕಿಂತ ಹೆಚ್ಚು ಏರಬಾರದು, ಬೀಳಬಾರದು ಅಂತ ಪೇಟೆಯವರು ಗೆರೆ ಹಾಕಿರುತ್ತಾರೆ, ಸರ್ಕ್ಯೂಟ್ ಅನ್ನುತ್ತಾರೆ. ನಮ್ಮ ರಕ್ಷಣೆಗೆ ಅಂತ ಹಾಕಿದ ಆ ಗೆರೆಯೇ ಬೀಳುವ ದಿನ ಬಾಗಿಲಿಗೆ ಚಿಲಕ ಆಗುತ್ತದೆ. ಆ ಹುಡುಗನ ಖಾತೆಯನ್ನು ಕಚೇರಿಯ ಕಂಪ್ಯೂಟರಿನಲ್ಲಿ ತೆರೆದು ನೋಡಿದೆವು. ಅವನು ಕೊಳ್ಳುವ ಮೊದಲೇ ಷೇರು 29ರಿಂದ 40ಕ್ಕೆ ಏರಿತ್ತು. ಯುದ್ಧ ಶುರುವಾಗುವ ಮೊದಲಿನಿಂದಲೇ ಯಾರೋ ಕೊಳ್ಳುತ್ತಾ ಬಂದಿದ್ದರು. ಗುಂಪಿನಲ್ಲಿ "ಕೊಳ್ಳಿ" ಅಂತ ಬಂದದ್ದು ಅವರು ಮಾರಲು ಸಿದ್ಧರಾದ ಮೇಲೆ ಅಂತ ನನ್ನ ಅನುಮಾನ. ಸಾಬೀತು ಮಾಡಲು ನನ್ನ ಹತ್ತಿರ ದಾಖಲೆ ಇಲ್ಲ.

ಆಮೇಲೆ ನಾವಿಬ್ಬರೂ ಕೂತು ಆ ಕಂಪನಿಯ ವಾರ್ಷಿಕ ವರದಿ ತೆಗೆದೆವು. ಅದು ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ವರ್ಷಕ್ಕೆ ಎಷ್ಟು ಬ್ಯಾರೆಲ್ ತೆಗೆದಿದ್ದಾರೆ ಅಂತ ಹುಡುಕಿದೆವು. ಸೊನ್ನೆ. ಒಂದು ಬ್ಲಾಕಿನಲ್ಲಿ ಪಾಲಿದೆ, ಇನ್ನೂ ಕೊರೆದಿಲ್ಲ. ಹಾಗಾದರೆ ಆದಾಯ ಅಂತ ತೋರಿಸಿದ್ದಾರಲ್ಲ, ಅದೇನು? ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿ. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. "ಎಣ್ಣೆನೇ ಇಲ್ವಲ್ಲ ಸಿಸ್ಟರ್, ಎಣ್ಣೆ ರೇಟು ಏರಿದ್ರೆ ಇವರಿಗೇನಾಗಬೇಕು" ಅಂದ. ತಾಯಿಯ ಪ್ರಶ್ನೆಗೆ ಉತ್ತರ ಅವನೇ ಹೇಳಿದ್ದ. ಕಾಲು ಗಂಟೆಯ ಕೆಲಸ, ಕೊಳ್ಳುವ ಮೊದಲು ಮಾಡಬೇಕಾಗಿತ್ತು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಾವು ಸಂಘ ಕಟ್ಟಿದೆವು, ವಾರಕ್ಕೆ ಹತ್ತು ರೂಪಾಯಿ ಉಳಿಸುವುದು ಕಲಿಸಿದೆವು, ಪಾಸ್‌ಬುಕ್ ಓದುವುದು, ಬ್ಯಾಂಕಿನ ಮ್ಯಾನೇಜರ್ ಎದುರು ನಿಂತು ಮಾತಾಡುವುದು ಕಲಿಸಿದೆವು. ಅಲ್ಲಿಗೇ ನಿಲ್ಲಿಸಿಬಿಟ್ಟೆವು. ಷೇರು ಅನ್ನುವುದು ಸಾಹುಕಾರರ ವಿಷಯ ಅಂದುಕೊಂಡೆವು. ಒಂದು ಕಾಲಕ್ಕೆ ಹಾಗೇ ಇತ್ತು ಕೂಡ. ಜೆ.ಸಿ. ರಸ್ತೆಯಲ್ಲಿ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ ಇತ್ತು, 1963ರದ್ದು. ಇಲ್ಲಿ ಕೂತಿರುವ ಹಿರಿಯರಲ್ಲಿ ಕೆಲವರು ಬ್ರೋಕರ್ ಹತ್ತಿರ ಅರ್ಜಿ ಫಾರಂ ತರಲು ಅಲ್ಲಿಗೆ ಹೋದವರೇ ಇರಬಹುದು. 2014ರಲ್ಲಿ ಅದು ಮುಚ್ಚಿತು. ಈಗ ದೇಶದ ಅತಿ ದೊಡ್ಡ ಷೇರು ಬ್ರೋಕರುಗಳಲ್ಲಿ ಒಂದಾದ ಜೆರೋಧಾ ಶುರುವಾದದ್ದು 2010ರಲ್ಲಿ, ಕಚೇರಿ ಇಲ್ಲೇ ಜೆ.ಪಿ. ನಗರದಲ್ಲಿ. 2020ರ ಮಾರ್ಚಿನಲ್ಲಿ ದೇಶದಲ್ಲಿ 4 ಕೋಟಿ ಡಿಮ್ಯಾಟ್ ಖಾತೆ ಇದ್ದವು, 2024ರ ಮಾರ್ಚಿಗೆ 15 ಕೋಟಿ. ಆಧಾರ್ ನಂಬರು, ಒಂದು ಸೆಲ್ಫಿ, ಖಾತೆ ಸಿದ್ಧ. ಹುಡುಗರ ಕೈಗೆ ಬೈಕ್ ಸಿಕ್ಕಿತು, ಬ್ರೇಕ್ ಎಲ್ಲಿದೆ ಅಂತ ಯಾರೂ ತೋರಿಸಲಿಲ್ಲ. ನಾವೂ ತೋರಿಸಲಿಲ್ಲ.

ಹಿರಿಯರ ಕಷ್ಟ ಬೇರೆ ರೀತಿಯದು. ಜಯನಗರ ನಾಲ್ಕನೇ ಬ್ಲಾಕಿನ ಒಬ್ಬ ನಿವೃತ್ತರು ನನಗೆ ಹೇಳಿದರು: "ಸಿಸ್ಟರ್, ಎಫ್.ಡಿ. ಬಡ್ಡಿ ಔಷಧಿಗೇ ಸಾಲೋದಿಲ್ಲ. ಹೆಚ್ಚು ಬಡ್ಡಿ ಕೊಡ್ತಾರೆ ಅಂತ ಸಹಕಾರ ಬ್ಯಾಂಕಿನಲ್ಲಿಟ್ಟೆ." ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, 35 ಸಾವಿರಕ್ಕಿಂತ ಹೆಚ್ಚು ತೆಗೆಯುವ ಹಾಗಿಲ್ಲ ಅಂದಾಗ ಈ ಭಾಗದ ಎಷ್ಟು ಹಿರಿಯರು ಕಂಗೆಟ್ಟರು ಅಂತ ನಿಮಗೇ ಗೊತ್ತು. ಬ್ಯಾಂಕನ್ನೇ ನಂಬುವ ಹಾಗಿಲ್ಲ ಅಂದ ಮೇಲೆ ಷೇರಾದರೆ ಏನು ತಪ್ಪು ಅನ್ನುವುದು ಅವರ ವಾದ. ನನಗೆ ತಕ್ಷಣ ಉತ್ತರ ಬರಲಿಲ್ಲ. ಆಮೇಲೆ ಇಷ್ಟು ಹೇಳಿದೆ. ಸರ್, ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಒಣಬಾವಿಗೆ ವಿಮೆ ಇಲ್ಲ. ಎಪ್ಪತ್ತು ದಾಟಿದವರಿಗೆ ಐದೂವರೆ ವರ್ಷ ಕಾಯಿರಿ ಅಂತ ಯಾವ ಬಾಯಲ್ಲಿ ಹೇಳಲಿ?

ಕರಾವಳಿಯಿಂದ ಬಂದವರು ಇಲ್ಲಿ ಬಹಳ ಜನ ಇದ್ದೀರಿ. "ಎಂ.ಆರ್.ಪಿ.ಎಲ್. ಷೇರಿನಲ್ಲಿ ನಮ್ಮ ಅಣ್ಣ ದುಡ್ಡು ಮಾಡಲಿಲ್ಲವಾ" ಅಂತ ಚಹಾ ಸಮಯದಲ್ಲಿ ಒಬ್ಬರು ಕೇಳಿದರು. ಮಾಡಿರಬಹುದು. 2003ರಲ್ಲಿ ಓ.ಎನ್.ಜಿ.ಸಿ. ಆ ಕಂಪನಿಯಲ್ಲಿದ್ದ ಬಿರ್ಲಾ ಸಮೂಹದ ಪಾಲನ್ನು ಕೊಂಡದ್ದು ಷೇರಿಗೆ 2 ರೂಪಾಯಿಯಂತೆ. ಮುಖಬೆಲೆ 10 ರೂಪಾಯಿಯ ಷೇರದು! ಮುಂದಿನ ವರ್ಷಗಳಲ್ಲಿ ಪೇಟೆಯಲ್ಲಿ ಅದು ಮುಖಬೆಲೆಯ ಹಲವು ಪಟ್ಟು ಏರಿತು. ಆದರೆ ಅದು ಎಣ್ಣೆ ಹುಡುಕುವ ಕಂಪನಿಯಲ್ಲ, ಎಣ್ಣೆ ಸಂಸ್ಕರಿಸುವ ಕಾರ್ಖಾನೆ. ಮಂಗಳೂರಿಗೆ ಹೋದರೆ ಅದರ ಹೊಗೆಕೊಳವೆ ಕಣ್ಣಿಗೆ ಕಾಣುತ್ತದೆ. ಅಷ್ಟಾಗಿಯೂ 10 ರೂಪಾಯಿಯದು 2 ರೂಪಾಯಿಗೆ ಕೈಬದಲಾದ ದಿನಗಳಿದ್ದವು. ಆಗ ಹೆದರಿ ಮಾರಿದವರು ಯಾರೂ ಚಹಾ ಸಮಯದಲ್ಲಿ ಬಂದು ಹೇಳುವುದಿಲ್ಲ, ಅದೇ ಕಷ್ಟ.

ಹಾಗಾದರೆ ಸಿಸ್ಟರ್ ಏನು ಹೇಳುತ್ತಾರೆ, ಷೇರೇ ಬೇಡವಾ? ನಾನು ಹಾಗೆ ಹೇಳುವುದಿಲ್ಲ. ಷೇರು ಪಾಪದ ಕೆಲಸವಲ್ಲ. ಯಾರೋ ಕಷ್ಟಪಟ್ಟು ಕೊರೆದಿದ್ದರಿಂದಲೇ ನಮ್ಮ ಒಲೆ ಉರಿಯುತ್ತಿದೆ. ಆದರೆ ತಾರೀಕು ಇರುವ ದುಡ್ಡು ಬೇಡ. ಜುಲೈಗೆ ಫೀಸು ಕಟ್ಟಬೇಕು, ಆ ದುಡ್ಡಿಗೆ ತಾರೀಕು ಇದೆ. ಚೀಟಿ ಎತ್ತಿದ ದುಡ್ಡು, ಕಣ್ಣಿನ ಆಪರೇಷನ್ನಿಗೆ ಎತ್ತಿಟ್ಟದ್ದು, ಸಂಘದ ಸಾಲ, ಇವಕ್ಕೆಲ್ಲ ತಾರೀಕು ಇದೆ. ಬಾವಿಗೆ ನಮ್ಮ ತಾರೀಕು ಗೊತ್ತಿಲ್ಲ. ಸಂಘದ ದುಡ್ಡಂತೂ ಹದಿನೈದು ಮನೆಯದು, ಅದನ್ನು ಒಬ್ಬರ ಮೊಬೈಲಿಗೆ ಹಾಕುವ ಹಕ್ಕು ಯಾರಿಗೂ ಇಲ್ಲ. ಅದರ ಮೇಲೆ ಉಳಿದದ್ದು, ಹೋದರೂ ಮನೆಯಲ್ಲಿ ಜಗಳ ಆಗದಷ್ಟು ಇದ್ದರೆ, ಅದು ನಿಮ್ಮಿಷ್ಟ. ಆಗಲೂ ಕೊಳ್ಳುವ ಮೊದಲು ವಾರ್ಷಿಕ ವರದಿ ತೆಗೆದು ನೋಡಿ. ಕಂಪನಿ ಎಣ್ಣೆ ತೆಗೆಯುತ್ತಿದೆಯೋ, ಬರೀ ಹುಡುಕುತ್ತಿದೆಯೋ? ಎಷ್ಟು ಬಾವಿ, ಎಷ್ಟು ಸಾಲ? ಕಳೆದ ಮೂರು ವರ್ಷದಲ್ಲಿ ಎಷ್ಟು ಹೊಸ ಷೇರು ಮಾಡಿ ಮಾರಿದ್ದಾರೆ? ಆ ಷೇರಿನ ಮೇಲೆ ಪೇಟೆಯವರು ವಿಶೇಷ ನಿಗಾ ಇಟ್ಟಿದ್ದರೆ ಆ್ಯಪ್‌ನಲ್ಲಿ ಎಚ್ಚರಿಕೆ ಬರುತ್ತದೆ, ಅದನ್ನು ಬೆರಳಲ್ಲಿ ಒರೆಸಿಹಾಕಬೇಡಿ. ಇಂಥದ್ದನ್ನು ಕೊಳ್ಳಿ ಅಂತ ದುಡ್ಡು ತೆಗೆದುಕೊಂಡು ಸಲಹೆ ಕೊಡುವವರು ಸೆಬಿಯಲ್ಲಿ ನೋಂದಣಿ ಮಾಡಿಸಿರಬೇಕು. ಆ ನಂಬರು ಐ.ಎನ್.ಎ. ಅಥವಾ ಐ.ಎನ್.ಎಚ್. ಅಂತ ಶುರುವಾಗುತ್ತದೆ. ನಂಬರು ಕೇಳಿ, ಸೆಬಿಯ ತಾಣದಲ್ಲಿ ಹೌದೋ ಅಲ್ಲವೋ ನೋಡಿ. ಕೇಳಿದ ಕೂಡಲೇ ನಿಮ್ಮನ್ನು ಗುಂಪಿನಿಂದ ತೆಗೆದರೆ ಒಳ್ಳೆಯದೇ ಆಯಿತು. ಬ್ರೋಕರ್ ಮೇಲೋ ಕಂಪನಿ ಮೇಲೋ ದೂರಿದ್ದರೆ ಸೆಬಿಯ ಸ್ಕೋರ್ಸ್ ಎಂಬ ವ್ಯವಸ್ಥೆಯಿದೆ. ನಕಲಿ ಆ್ಯಪ್‌ಗೆ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಆ ತಾಯಿಯ ವಿಷಯ ಅರ್ಧಕ್ಕೇ ಬಿಟ್ಟಿದ್ದೆ. ಅವರು ಸಂಘದ ಸಭೆಯಲ್ಲಿ ಎದ್ದು ನಿಂತು ಆದದ್ದನ್ನು ಆದ ಹಾಗೆಯೇ ಹೇಳಿದರು. ನನಗೆ ಭಯವಿತ್ತು. ಹದಿನೈದು ಜನ ಹೆಂಗಸರಲ್ಲಿ ಇಬ್ಬರು ಜೋರಾಗಿಯೇ ಬೈದರು, ಬೈಯಬೇಕಾದದ್ದೇ. ಆಮೇಲೆ ಒಬ್ಬರು ಮೆಲ್ಲಗೆ, "ನಮ್ಮ ಮನೆಯವರೂ ಹಾಕಿದ್ದಾರೆ" ಅಂದರು. ಇನ್ನೊಬ್ಬರು ಕೈ ಎತ್ತಿದರು. ಒಟ್ಟು ನಾಲ್ಕು ಮನೆ. ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟಿರಲಿಲ್ಲ. ಸಂಘ ಸಾಲದ ಅವಧಿಯನ್ನು ವಿಸ್ತರಿಸಿತು, ಬಡ್ಡಿ ಬಿಡಲಿಲ್ಲ. ಹುಡುಗ ತನ್ನ ಸಂಬಳದಿಂದ ತಿಂಗಳಿಗೆ ಮೂರು ಸಾವಿರ ಕಟ್ಟುತ್ತಿದ್ದಾನೆ. ಷೇರು ಮಾರಿ ಬಂದ 27 ಸಾವಿರದಲ್ಲಿ ಸೆಕೆಂಡ್‌ಹ್ಯಾಂಡ್ ಓವರ್‌ಲಾಕ್ ಯಂತ್ರ ಬಂದಿದೆ, ಸದ್ದು ಸ್ವಲ್ಪ ಜಾಸ್ತಿ, ಕೆಲಸ ಮಾಡುತ್ತದೆ. ಉಳಿದ ಐನೂರು ಷೇರನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ ಅಂತ ಅವನು ನನ್ನನ್ನು ಕೇಳಿದ. ನಾನು ಹೇಳಲಿಲ್ಲ, ನನ್ನ ಹತ್ತಿರ ಆ ನಂಬರು ಇಲ್ಲವಲ್ಲ! ಕಂಪನಿಯ ಹೊಸ ವರದಿ ಬಂದಾಗ ಇಬ್ಬರೂ ಕೂತು ಓದೋಣ ಅಂದಿದ್ದೇನೆ.

ಮುಂದಿನ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಇದೇ ಸಭಾಂಗಣದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತಿರುತ್ತೇನೆ. ಮನೆಯಲ್ಲಿ ಯಾರ ಹೆಸರಿನಲ್ಲಾದರೂ ಷೇರು ಇದ್ದರೆ ಸ್ಟೇಟ್‌ಮೆಂಟ್ ತನ್ನಿ, ಬೈಯುವುದಿಲ್ಲ. ಮಕ್ಕಳನ್ನೂ ಕರೆದುಕೊಂಡು ಬನ್ನಿ, ಮೊಬೈಲ್ ಇರುವುದು ಅವರ ಕೈಯಲ್ಲೇ. ಈಗ ಪ್ರಶ್ನೆಗಳಿದ್ದರೆ ಕೇಳಿ. ಮೊದಲು ಹಿಂದಿನ ಸಾಲಿನವರು, ನಕ್ಕವರು.